ಜರಡಿಗೆ ಸಿಗದ ಮೊಣಕಾಲು

ಆಟದ ಬಯಲಿನಲ್ಲಿ ಯಾವ ಹೆಣ್ಣುಮಗಳ ಮೊಣಕಾಲಿಗೆ ಪೆಟ್ಟಾದೀತೆಂದು ಮುಂಚಿತವಾಗಿ ಹೇಳಬಹುದೆ? ಹಲವು ವರ್ಷಗಳ ಕಾಲ ವಿಜ್ಞಾನಿಗಳು ಬಿಡಿಸಲು ಹೆಣಗಿದ ಒಗಟು ಇದು. ಕೊನೆಗೆ ದೊರೆತ ಉತ್ತರ ಅವರು ಹುಡುಕಹೊರಟದ್ದಲ್ಲ. ಆದರೆ ಹೆಣ್ಣುಮಕ್ಕಳಿಗೆ ಅದರಿಂದ ಆಗಿರುವ ಉಪಕಾರ ದೊಡ್ಡದು.

2019ನೆಯ ಇಸವಿಯ ಜನವರಿ 27. ಇಂಡೋನೇಷ್ಯದ ಜಕಾರ್ತಾ ನಗರದಲ್ಲಿ ಬ್ಯಾಡ್ಮಿಂಟನ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆದಿತ್ತು. ಬಲೆಯ ಈಚೆಗೆ ಭಾರತದ ಸೈನಾ ನೆಹ್ವಾಲ್. ಆಚೆಗೆ ಸ್ಪೇನ್ ದೇಶದ ಕರೋಲಿನಾ ಮರೀನ್. 2016ರ ರಿಯೋ ಒಲಿಂಪಿಕ್ಸಿನಲ್ಲಿ ಪಿ. ವಿ. ಸಿಂಧು ಅವರನ್ನು ಸೋಲಿಸಿ ಸ್ವರ್ಣಪದಕವನ್ನು ಕೊಂಡೊಯ್ದ ಮರೀನ್ ಅವರನ್ನು ಭಾರತದ ಕ್ರೀಡಾಭಿಮಾನಿಗಳು ಮರೆತಿರಲಾರರು. ಅಂದೂ ಆರಂಭದಿಂದಲೇ ಅವರದೇ ಮೇಲುಗೈ. ಗೆಲುವು ಅವರ ಕಡೆಗೇ ಹರಿದು ಬರುತ್ತಿರುವಂತೆ ತೋರುತ್ತಿತ್ತು.

ಅಷ್ಟರಲ್ಲಿ, ನೆಗೆದು ಹೊಡೆದು ನೆಲಕ್ಕಿಳಿದ ಮರೀನ್ ಅವರ ಬಲಗಾಲು ಕೈಕೊಟ್ಟಿತು. ಅವರು ಎದ್ದರು, ಮತ್ತೆ ಆಡಲು ಯತ್ನಿಸಿದರು, ಆಗಲಿಲ್ಲ. ಅಂಕಗಳು 10–4 ಆಗಿದ್ದಾಗ ಕಣ್ಣೀರಿಡುತ್ತ ಪಂದ್ಯವನ್ನು ಬಿಟ್ಟುಕೊಟ್ಟರು. ಸೈನಾ ವಿಜೇತೆಯೆಂದು ಘೋಷಿತರಾದರು. ಹಾಗೆ ಒದಗಿದ ಗೆಲುವು ಯಾರಿಗೆ ತಾನೆ ಸಿಹಿಯಾದೀತು?

ಮರೀನ್ ಅವರ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಎಡ ಮೊಣಕಾಲಿಗೆ ಪೆಟ್ಟಾಗಿ ಟೋಕಿಯೋ ಒಲಿಂಪಿಕ್ಸ್ ಕೈತಪ್ಪಿತು. 2024ರ ಆಗಸ್ಟಿನಲ್ಲಿ, ಪ್ಯಾರಿಸ್ ಒಲಿಂಪಿಕ್ಸಿನ ಉಪಾಂತ್ಯ ಪಂದ್ಯದಲ್ಲಿ, ಮೊದಲ ಆಟವನ್ನು 21–14ರಿಂದ ಗೆದ್ದು ಎರಡನೆಯದರಲ್ಲಿಯೂ ಮುಂದಿದ್ದಾಗ ಬಲ ಮೊಣಕಾಲು ಮತ್ತೊಮ್ಮೆ ಸೋತಿತು. ಈ ಮೂರು ಪ್ರಸಂಗಗಳಲ್ಲಿ ಒಂದರಲ್ಲಿಯೂ ಎದುರಾಳಿಯ ಮೈ ತಾಕಿದ್ದಿಲ್ಲ. ಬ್ಯಾಡ್ಮಿಂಟನ್ನಿನಲ್ಲಿ ಇಬ್ಬರ ನಡುವೆ ಬಲೆಯೇ ಇರುತ್ತದಷ್ಟೆ!

ಜಗತ್ತಿನ ಅಗ್ರಗಣ್ಯ ಆಟಗಾರ್ತಿಯ ಕಾಲು ಹೀಗೆ ಬಿದ್ದರೆ ಪತ್ರಿಕೆಗಳು ಬರೆಯುತ್ತವೆ. ನಿಪುಣ ವೈದ್ಯರು ಧಾವಿಸಿ ಬರುತ್ತಾರೆ. ಆದರೆ ಇದೇ ಪೆಟ್ಟು ಪ್ರತಿವರ್ಷವೂ ಸಾವಿರಾರು ಶಾಲಾಬಾಲೆಯರಿಗೆ, ಯಾರ ಕಣ್ಣಿಗೂ ಬೀಳದ ಬಯಲುಗಳಲ್ಲಿ, ಸಂಜೆಯ ಅಭ್ಯಾಸದ ಹೊತ್ತಿನಲ್ಲಿ ಆಗುತ್ತಿರುತ್ತದೆ. ಓಡುತ್ತಿದ್ದ ಹುಡುಗಿ ಥಟ್ಟನೆ ನಿಂತು ತಿರುಗುತ್ತಾಳೆ. ಅಥವಾ ಚೆಂಡಿಗಾಗಿ ನೆಗೆದು ಒಂಟಿಕಾಲಿನ ಮೇಲೆ ಇಳಿಯುತ್ತಾಳೆ. ಒಳಗೆಲ್ಲೋ ‘ಟಪ್’ ಎಂದ ಹಾಗಾಗುತ್ತದೆ. ಅದರೊಡನೆ ಒಂದು ವರ್ಷದ ಆಟ ಮುಗಿದುಹೋಗುತ್ತದೆ. ಕೆಲವರ ಪಾಲಿಗೆ ಆಟದ ಜೀವನವೇ ಮುಗಿದುಹೋಗುತ್ತದೆ.

ಕೀಲಿನೊಳಗಿನ ಹಗ್ಗ

ಮೊಣಕಾಲಿನ ಕೀಲು ಬಾಗಿಲಿನ ತಿರುಗಣಿಯಂತೆ ಕಂಡರೂ ಅದರ ಕೆಲಸ ಅಷ್ಟು ಸರಳವಲ್ಲ. ಬಾಗಿಲು ಒಂದೇ ಬಗೆಯಲ್ಲಿ ತಿರುಗುತ್ತದೆ. ಮೊಣಕಾಲಾದರೋ ಮಡಚಬೇಕು, ಚಾಚಬೇಕು, ತುಸು ಹೊರಳಲೂ ಬೇಕು. ಇಷ್ಟನ್ನೂ ಮೈಯ ಭಾರವನ್ನು ಹೊತ್ತೇ ಮಾಡಬೇಕು. ತೊಡೆಯ ಮೂಳೆ ಮೇಲೆ, ಕಾಲಿನ ದಪ್ಪ ಮೂಳೆ ಕೆಳಗೆ; ಇವೆರಡನ್ನೂ ಕೀಲಿನ ನಟ್ಟನಡುವೆ ಕತ್ತರಿಯಾಕಾರದಲ್ಲಿ ಹೆಣೆದು ಹಿಡಿದಿರುವ ಎರಡು ಗಟ್ಟಿಯಾದ ಹುರಿಗಳುಂಟು. ಅವುಗಳಲ್ಲಿ ಮುಂದಿನದನ್ನು ವೈದ್ಯರೂ ಆಟಗಾರರೂ ಎ.ಸಿ.ಎಲ್. ಎಂದು ಕರೆಯುತ್ತಾರೆ, ಕನ್ನಡದಲ್ಲಿ ಮುಂದಿನ ಅಡ್ಡರಜ್ಜು ಎನ್ನಬಹುದು. ಉದ್ದ ಮೂರು ಸೆಂಟಿಮೀಟರುಗಳಷ್ಟು, ದಪ್ಪ ಕಿರುಬೆರಳಿನಷ್ಟು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅಳತೆ ಮೀರಿ ಹೊರಳದಂತೆ ತಡೆಯುವುದು ಇದರ ಕರ್ತವ್ಯ.

ಈ ರಜ್ಜು ಹರಿದರೆ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದು ವಿರಳ. ಆಟಕ್ಕೆ ಮರಳಬಯಸುವ ಬಹುಮಂದಿಗೆ ಶಸ್ತ್ರಚಿಕಿತ್ಸೆ ಆಗಬೇಕು. ಮಂಡಿಚಿಪ್ಪಿನ ಕೆಳಗಿನಿಂದಲೋ ತೊಡೆಯ ಹಿಂಭಾಗದಿಂದಲೋ ಸ್ನಾಯುವಿನ ನಾರನ್ನು ತೆಗೆದು, ಮೂಳೆಗಳಲ್ಲಿ ರಂಧ್ರ ಕೊರೆದು, ಹೊಸ ರಜ್ಜುವನ್ನು ಕೂಡಿಸುತ್ತಾರೆ. ಅನಂತರ ತಿಂಗಳುಗಟ್ಟಲೆ ವ್ಯಾಯಾಮ. ಆತುರಪಟ್ಟು ಬಯಲಿಗಿಳಿದವರಿಗೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳು ತುಂಬುವವರೆಗೆ ಕಾಯ್ದ ಒಂದೊಂದು ತಿಂಗಳಿಗೂ ಮರುಪೆಟ್ಟಿನ ಅಪಾಯ ಸುಮಾರು ಅರ್ಧದಷ್ಟು ಇಳಿಯುತ್ತ ಹೋಗುತ್ತದೆ.

ಇದಕ್ಕಿಂತ ಕಳವಳಕಾರಿಯಾದ ಸಂಗತಿ ಇನ್ನೊಂದಿದೆ. ಕಾಲ್ಚೆಂಡಾಟದಲ್ಲಿ ಈ ರಜ್ಜುವನ್ನು ಹರಿದುಕೊಂಡ ಸ್ವೀಡನ್ನಿನ ಆಟಗಾರ್ತಿಯರನ್ನು ಹನ್ನೆರಡು ವರ್ಷಗಳ ತರುವಾಯ ಪರೀಕ್ಷಿಸಿದ ವರದಿಯೊಂದು 2004ರಲ್ಲಿ ಹೊರಬಂದಿತು. ಅವರ ಸರಾಸರಿ ವಯಸ್ಸು ಆಗ ಕೇವಲ 31. ಕ್ಷಕಿರಣ ಚಿತ್ರ ತೆಗೆಸಿಕೊಂಡ 67 ಮಂದಿಯಲ್ಲಿ 34 ಜನರ ಮೊಣಕಾಲುಗಳಲ್ಲಿ ಸಂಧಿವಾತದ ಗುರುತುಗಳು ಸ್ಪಷ್ಟವಾಗಿ ಮೂಡಿದ್ದುವು. ಅಜ್ಜಿಯರು ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳುವ ಮಂಡಿಯನ್ನು ಈ ತರುಣಿಯರು ಮೂವತ್ತಕ್ಕೇ ಹಿಡಿದುಕೊಳ್ಳುವಂತಾಗಿತ್ತು. ಹದಿನಾರರ ಹುಡುಗಿಗೆ ಆಗುವ ಪೆಟ್ಟು ಆ ಋತುವಿನ ಆಟವನ್ನಷ್ಟೇ ಅಲ್ಲ, ಮುಂದಿನ ಅರ್ಧಶತಮಾನದ ನಡಿಗೆಯನ್ನೂ ಕೆಡಿಸಬಲ್ಲುದು.

ಹೆಣ್ಣುಮಕ್ಕಳಿಗೇ ಏಕೆ?

ಅಮೆರಿಕದಲ್ಲಿ 1972ರಲ್ಲಿ ಒಂದು ಕಾಯಿದೆ ಬಂದಿತು. ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣೆಂಬ ಕಾರಣದಿಂದ ಭೇದ ಮಾಡಕೂಡದೆಂಬುದು ಅದರ ಸಾರ. ಆವರೆಗೆ ಆ ದೇಶದ ಪ್ರೌಢಶಾಲೆಗಳಲ್ಲಿ ಆಟಗಳಲ್ಲಿ ತೊಡಗಿದ್ದ ಹುಡುಗಿಯರ ಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಮುಂದಿನ ದಶಕಗಳಲ್ಲಿ ಅದು ಮೂವತ್ತು ಲಕ್ಷವನ್ನು ದಾಟಿತು. ಸಂತೋಷಪಡಬೇಕಾದ ಬದಲಾವಣೆಯೇ ಸರಿ. ಆದರೆ ಅದರ ಹಿಂದೆಯೇ ವೈದ್ಯರ ಮುಂದೆ ಒಂದು ವಿಚಿತ್ರ ಸಂಗತಿ ಬಂದು ನಿಂತಿತು. ಒಂದೇ ಆಟವನ್ನು, ಒಂದೇ ನಿಯಮಗಳಿಗೆ ಅನುಸಾರವಾಗಿ ಆಡುವ ಹುಡುಗರಿಗಿಂತ ಹುಡುಗಿಯರ ಅಡ್ಡರಜ್ಜು ಹರಿಯುವುದು ಹೆಚ್ಚು. ಎರಡು ಪಟ್ಟಿನಿಂದ ಎಂಟು ಪಟ್ಟಿನವರೆಗೂ ಹೆಚ್ಚೆಂದು ಬೇರೆ ಬೇರೆ ಲೆಕ್ಕಗಳು ತೋರಿಸಿದುವು. ಬ್ಯಾಸ್ಕೆಟ್‌ಬಾಲ್, ಕಾಲ್ಚೆಂಡು, ಹ್ಯಾಂಡ್‌ಬಾಲ್ ಮುಂತಾದ, ಓಡುತ್ತಲೇ ದಿಕ್ಕು ಬದಲಿಸುವ ಆಟಗಳಲ್ಲಿ ಈ ಅಂತರ ಎದ್ದು ಕಾಣುತ್ತಿತ್ತು.

ಕಾರಣವೇನು? ಸೊಂಟದ ಅಗಲವೆಂದರು ಕೆಲವರು. ರಜ್ಜು ಹಾದುಹೋಗುವ ಮೂಳೆಯ ಸಂದು ಕಿರಿದೆಂದರು ಕೆಲವರು. ದೇಹದೊಳಗಿನ ರಸಗಳ ಏರಿಳಿತವೆಂದರು ಮತ್ತೆ ಕೆಲವರು. ಇವೆಲ್ಲ ಹುಟ್ಟಿನಿಂದಲೋ ಪ್ರಕೃತಿಯಿಂದಲೋ ಬಂದವು, ತಿದ್ದಲಾಗದವು. ಆದರೆ ಗಮನಿಸಬೇಕಾದ ಅಂಶವೊಂದಿತ್ತು. ಮೈನೆರೆಯುವುದಕ್ಕೆ ಮುಂಚೆ ಗಂಡುಹೆಣ್ಣುಗಳ ನಡುವೆ ಈ ಅಂತರ ಕಾಣುವುದಿಲ್ಲ. ಆ ವಯಸ್ಸು ಬಂದೊಡನೆ ಇಬ್ಬರ ಮೂಳೆಗಳೂ ಬೆಳೆದು ಎತ್ತರವಾಗುತ್ತವೆ. ಹುಡುಗರಲ್ಲಿ ಅದರ ಜೊತೆಜೊತೆಗೇ ಸ್ನಾಯುಬಲವೂ ಉಕ್ಕಿ ಬರುತ್ತದೆ. ಹುಡುಗಿಯರಲ್ಲಿ ಆ ಪ್ರಮಾಣದಲ್ಲಿ ಬರುವುದಿಲ್ಲ. ಉದ್ದವಾದ ಕಂಬವನ್ನು ಹಳೆಯ ಹಗ್ಗಗಳಿಂದಲೇ ಬಿಗಿದು ನಿಲ್ಲಿಸಿದಂತಾಗುತ್ತದೆ ಅವರ ಸ್ಥಿತಿ.

ಸ್ನಾಯುಬಲ ತಿದ್ದಲಾಗದ ವಸ್ತುವೇನಲ್ಲ. ಅಂದಮೇಲೆ, ಅಪಾಯದ ಅಂಚಿನಲ್ಲಿರುವ ಹುಡುಗಿ ಯಾರೆಂದು ಮೊದಲೇ ತಿಳಿದರೆ ಅವಳನ್ನು ಕರೆದು ಬಲಪಡಿಸಬಹುದಲ್ಲವೆ? ಪರೀಕ್ಷೆಯ ಹಂಬಲ ಹುಟ್ಟಿದ್ದು ಹೀಗೆ.

ಒಂದಡಿ ಎತ್ತರದ ಪೆಟ್ಟಿಗೆ

ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ತಿಮೊಥಿ ಹೆವೆಟ್ ಎಂಬ ಸಂಶೋಧಕರೂ ಅವರ ಸಂಗಡಿಗರೂ ನಡೆಸಿದ ಪರೀಕ್ಷೆ ಈ ಕ್ಷೇತ್ರದಲ್ಲಿ ಹೆಸರುವಾಸಿಯಾಗಿದೆ. ಕಾಲ್ಚೆಂಡು, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಆಡುವ 205 ಮಂದಿ ತರುಣಿಯರನ್ನು ಅವರು ಪ್ರಯೋಗಶಾಲೆಗೆ ಕರೆಸಿದರು. ಕಾಲಿನ ಮೇಲೆ ಅಲ್ಲಲ್ಲಿ ಬೆಳಕನ್ನು ಹಿಮ್ಮರಳಿಸುವ ಚಿಕ್ಕ ಗುಂಡುಗಳನ್ನು ಅಂಟಿಸಿದರು. ಸುತ್ತಲೂ ಕ್ಯಾಮರಾಗಳು, ನೆಲದಲ್ಲಿ ಹೆಜ್ಜೆಯ ಒತ್ತಡವನ್ನು ಅಳೆಯುವ ಹಲಗೆಗಳು. 31 ಸೆಂಟಿಮೀಟರ್, ಎಂದರೆ ಒಂದಡಿಯಷ್ಟು ಎತ್ತರದ ಪೆಟ್ಟಿಗೆಯ ಮೇಲಿಂದ ಹುಡುಗಿ ಕೆಳಕ್ಕಿಳಿಯಬೇಕು. ನೆಲ ಮುಟ್ಟಿದ ಕೂಡಲೇ ಎಷ್ಟು ಮೇಲಕ್ಕೆ ಸಾಧ್ಯವೋ ಅಷ್ಟು ನೆಗೆಯಬೇಕು. ಪರೀಕ್ಷೆ ಇಷ್ಟೇ.

ಕ್ಯಾಮರಾಗಳು ಕಂಡದ್ದೇನು? ಕೆಲವರು ನೆಲಕ್ಕಿಳಿದಾಗ ಮೊಣಕಾಲುಗಳು ಪಾದದ ನೇರಕ್ಕೆ ಬಾಗಿ ಭಾರವನ್ನು ನಯವಾಗಿ ನುಂಗಿಕೊಂಡುವು. ಮತ್ತೆ ಕೆಲವರ ಮೊಣಕಾಲುಗಳು ಒಳಕ್ಕೆ ವಾಲಿ ಒಂದನ್ನೊಂದು ಮುಟ್ಟುವಂತಾದುವು. ಪರೀಕ್ಷೆ ಮುಗಿದು ಹುಡುಗಿಯರೆಲ್ಲ ತಮ್ಮ ತಮ್ಮ ತಂಡಗಳಿಗೆ ಮರಳಿದರು. ಸಂಶೋಧಕರು ಕಾದರು. ಕಾಲ ಕಳೆದಂತೆ ಆ 205 ಮಂದಿಯಲ್ಲಿ ಒಂಬತ್ತು ಮಂದಿಯ ಅಡ್ಡರಜ್ಜು ಹರಿಯಿತು. ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ, ಉಳಿದವರಿಗಿಂತ ಆ ಒಂಬತ್ತು ಮಂದಿಯ ಮೊಣಕಾಲು ಸರಾಸರಿ 8 ಡಿಗ್ರಿ ಹೆಚ್ಚಾಗಿ ಒಳಕ್ಕೆ ವಾಲಿತ್ತು. ಕೀಲನ್ನು ಒಳಕ್ಕೆ ತಿರುಚುವ ಬಲವೂ ಎರಡೂವರೆ ಪಟ್ಟು ಹೆಚ್ಚಾಗಿತ್ತು.

ಈ ಫಲಿತಾಂಶ 2005ರಲ್ಲಿ ಪ್ರಕಟವಾದಾಗ ಕ್ರೀಡಾವೈದ್ಯಲೋಕದಲ್ಲಿ ಉತ್ಸಾಹ ಉಂಟಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿಟ್ಟಿನಿಂದ ಕಲ್ಲನ್ನು ಬೇರ್ಪಡಿಸುವ ಜರಡಿ ಕೊನೆಗೂ ಕೈಗೆ ಬಂದಿತೆಂದು ಬಹುಮಂದಿ ಭಾವಿಸಿದರು. ಪ್ರಯೋಗಶಾಲೆಯ ಉಪಕರಣಗಳಿಗೆ ಅಪಾರ ಹಣ ಬೇಕಾದ್ದರಿಂದ, ಸಾಧಾರಣ ಕ್ಯಾಮರಾದಿಂದಲೂ ಬರಿಯ ಕಣ್ಣಿನಿಂದಲೂ ನೋಡಿ ಅಂಕ ಹಾಕುವ ಅಗ್ಗದ ವಿಧಾನಗಳೂ ಬಂದುವು. ಉತ್ತರ ಕರೊಲಿನಾ ವಿಶ್ವವಿದ್ಯಾಲಯದವರು ರೂಪಿಸಿದ ಒಂದು ವಿಧಾನದಲ್ಲಿ ನೆಗೆದು ಇಳಿಯುವ ಬಗೆಯನ್ನು 17 ಅಂಶಗಳಾಗಿ ಬಿಡಿಸಿ, ತಪ್ಪುಗಳನ್ನು ಎಣಿಸುತ್ತಾರೆ. ಅದರ ಫಲಿತಾಂಶವೂ ಎಲ್ಲ ಕಡೆಯೂ ಒಂದೇ ಸಮನಾಗಿ ಬರಲಿಲ್ಲ. ಒಂದು ಅಧ್ಯಯನದಲ್ಲಿ ಪೆಟ್ಟಿಗೂ ಅಂಕಗಳಿಗೂ ನಂಟು ಕಂಡಿತು, ಇನ್ನೊಂದರಲ್ಲಿ ಕಾಣಲಿಲ್ಲ.

ಲೆಕ್ಕ ಹೇಳುವ ಕಥೆ

ಸಿನ್ಸಿನಾಟಿಯ ಅಂಕಿಗಳನ್ನು ಮನೆಯ ಖರ್ಚಿನ ಲೆಕ್ಕದಂತೆ ಕೂಡಿಸಿ ಕಳೆದು ನೋಡಿದರೆ ಒಂದು ಸತ್ಯ ಗೋಚರಿಸುತ್ತದೆ. ಪೆಟ್ಟಾಗಲಿರುವ ನೂರು ಮಂದಿಯಲ್ಲಿ 78 ಜನರನ್ನು ಈ ಪರೀಕ್ಷೆ ಗುರುತಿಸಬಲ್ಲುದು. ಪೆಟ್ಟಾಗದ ನೂರು ಮಂದಿಯಲ್ಲಿ 73 ಜನರಿಗೆ ಭಯವಿಲ್ಲವೆಂದು ಸರಿಯಾಗಿ ಹೇಳಬಲ್ಲುದು. ಕೇಳುವುದಕ್ಕೆ ಇದು ಒಳ್ಳೆಯ ಅಂಕಗಳಿಕೆಯೇ.

ಆದರೆ ಪೆಟ್ಟಾಗುವವರು ಕೆಲವೇ ಮಂದಿ; ಆಗದವರು ಬಹುಮಂದಿ. ಒಂಬತ್ತು ಹುಡುಗಿಯರಲ್ಲಿ ಏಳು ಮಂದಿ ಜರಡಿಗೆ ಸಿಕ್ಕಿದರು, ಇಬ್ಬರು ಜಾರಿದರು. ಉಳಿದ 196 ಮಂದಿಯಲ್ಲಿ ಸುಮಾರು 53 ಜನರಿಗೆ, ಏನೂ ಆಗದಿದ್ದರೂ, ಅಪಾಯದ ಹಣೆಪಟ್ಟಿ ಅಂಟಿತು. ಅಂದರೆ ಪರೀಕ್ಷೆ ‘ಅಪಾಯ’ವೆಂದು ಬೊಟ್ಟುಮಾಡಿದ 60 ಮಂದಿಯಲ್ಲಿ ನಿಜವಾಗಿ ಪೆಟ್ಟು ತಿಂದವರು ಏಳೇ ಮಂದಿ. ಇನ್ನೂ ಒಂದು ಮಾತು. ಅಪಾಯದ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸಿದ್ದು ಈ ಒಂಬತ್ತು ಮಂದಿಗೆ ಪೆಟ್ಟಾದ ಮೇಲೆಯೇ. ಮಗು ಹುಟ್ಟಿದ ಮೇಲೆ ಅದು ಹೆಣ್ಣೋ ಗಂಡೋ ಎಂದು ಜೋಯಿಸರು ಹೇಳಿದರೆ ಅದನ್ನು ಭವಿಷ್ಯವೆನ್ನಲಾದೀತೆ? ಹೊಸ ಹುಡುಗಿಯರ ಗುಂಪಿನಲ್ಲಿ, ಮುಂಚಿತವಾಗಿ ಗೆರೆ ಎಳೆದು, ಅದು ನಿಲ್ಲುವುದೇ ಎಂದು ನೋಡುವ ಕೆಲಸ ಬಾಕಿಯಿತ್ತು.

ಓಸ್ಲೋ ನಗರದ ಉತ್ತರ

ಆ ಕೆಲಸಕ್ಕೆ ಕೈಹಾಕಿದವರು ನಾರ್ವೆಯ ವಿಜ್ಞಾನಿಗಳು. ಹ್ಯಾಂಡ್‌ಬಾಲ್ ಆ ದೇಶದ ಹೆಣ್ಣುಮಕ್ಕಳ ಅಚ್ಚುಮೆಚ್ಚಿನ ಆಟ. ಅದರಲ್ಲಿ ಅಡ್ಡರಜ್ಜಿನ ಪೆಟ್ಟೂ ಹೇರಳ. ಓಸ್ಲೋದ ಕ್ರೀಡಾಗಾಯಗಳ ಸಂಶೋಧನ ಕೇಂದ್ರದ ಟ್ರೋನ್ ಕ್ರೋಸ್‌ಹೌಗ್ ಮತ್ತು ಸಂಗಡಿಗರು 2007ರಿಂದ 2014ರವರೆಗೆ ಹ್ಯಾಂಡ್‌ಬಾಲ್ ಮತ್ತು ಕಾಲ್ಚೆಂಡಿನ 782 ಉನ್ನತ ದರ್ಜೆಯ ಆಟಗಾರ್ತಿಯರನ್ನು ಪರೀಕ್ಷಿಸಿದರು. ಅದೇ ಪೆಟ್ಟಿಗೆ, ಅದೇ ನೆಗೆತ, ಅದೇ ಬಗೆಯ ಕ್ಯಾಮರಾಗಳು. ಲೆಕ್ಕಕ್ಕೆ ತೆಗೆದುಕೊಂಡ 710 ಮಂದಿಯಲ್ಲಿ 42 ಮಂದಿಗೆ, ಬೇರೆಯವರ ಢಿಕ್ಕಿಯಿಲ್ಲದೆಯೇ, ಅಡ್ಡರಜ್ಜು ಹರಿಯಿತು.

2016ರಲ್ಲಿ ಹೊರಬಿದ್ದ ಫಲಿತಾಂಶ ಬಹುಜನರ ಆಸೆಗೆ ತಣ್ಣೀರೆರಚಿತು. ಸಿನ್ಸಿನಾಟಿಯಲ್ಲಿ ಎದ್ದು ಕಂಡಿದ್ದ ತಿರುಚುವ ಬಲ ಇಲ್ಲಿ ಯಾವ ಸುಳಿವನ್ನೂ ನೀಡಲಿಲ್ಲ. ಮೊಣಕಾಲು ಒಳಕ್ಕೆ ಸರಿಯುವ ದೂರ ಮಾತ್ರ ಪೆಟ್ಟಾದವರಲ್ಲಿ ಸರಾಸರಿಯಲ್ಲಿ ತುಸು ಹೆಚ್ಚಾಗಿತ್ತು. ಆದರೆ ಒಬ್ಬಳಿಂದ ಇನ್ನೊಬ್ಬಳನ್ನು ಬೇರ್ಪಡಿಸಿ ತೋರಿಸಲು ಅದು ಸಾಲದಾಯಿತು. ಚೆನ್ನಾಗಿ ಇಳಿದ ಎಷ್ಟೋ ಮಂದಿಗೆ ಪೆಟ್ಟಾಗಿತ್ತು. ಕೆಟ್ಟದಾಗಿ ಇಳಿದ ಎಷ್ಟೋ ಮಂದಿ ಸುಖವಾಗಿ ಆಡುತ್ತಿದ್ದರು. ಪೆಟ್ಟಾದ 42 ಮಂದಿಯಲ್ಲಿ 12 ಮಂದಿಗೆ ಹಿಂದೆಯೂ ಒಮ್ಮೆ ಅದೇ ಪೆಟ್ಟಾಗಿತ್ತೆಂಬುದು ಗಮನಾರ್ಹ. ಹಳೆಯ ಗಾಯವನ್ನು ತಿಳಿಯಲು ಕ್ಯಾಮರಾ ಬೇಡ, ಕೇಳಿದರೆ ಸಾಕು.

ಅದೇ ಕೇಂದ್ರದ ರೊಆಲ್ಡ್ ಬಾರ್ ಅದೇ ವರ್ಷ ಒಂದು ವಿಮರ್ಶೆಯನ್ನು ಪ್ರಕಟಿಸಿ, ಪೆಟ್ಟನ್ನು ಮುನ್ನುಡಿಯುವ ಪರೀಕ್ಷೆಗಳು ಫಲಿಸಿಲ್ಲ, ಬಹುಶಃ ಮುಂದೆಯೂ ಫಲಿಸಲಾರವು ಎಂದು ವಾದಿಸಿದರು. ಗುಂಪುಗುಂಪಿನ ನಡುವೆ ವ್ಯತ್ಯಾಸ ಕಾಣುವುದು ಒಂದು ಮಾತು. ಗುಂಪಿನೊಳಗಿನ ಒಬ್ಬಳನ್ನು ಹೆಸರಿಡಿದು ಹೇಳುವುದು ಬೇರೆಯ ಮಾತು. ಎತ್ತರದ ತಾಯ್ತಂದೆಯರ ಮಕ್ಕಳು ಎತ್ತರವಾಗಿರುವುದು ಸಾಮಾನ್ಯ. ಹಾಗೆಂದು ಇಂಥ ಮನೆಯ ಇಂಥ ಮಗು ಇಷ್ಟೇ ಎತ್ತರ ಬೆಳೆದೀತೆಂದು ತೊಟ್ಟಿಲಿನ ಬಳಿ ನಿಂತು ಸಾರಲಾಗದಷ್ಟೆ.

ಪೆಟ್ಟಿನ ಸ್ವಭಾವವೂ ಇದಕ್ಕೆ ಕಾರಣ. ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡುಗಳಲ್ಲಿ ರಜ್ಜು ಹರಿಯುತ್ತದೆಂದು ಪಂದ್ಯಗಳ ಚಿತ್ರಗಳನ್ನು ಬಿಡಿಸಿ ನೋಡಿದವರು ಲೆಕ್ಕ ಹಾಕಿದ್ದಾರೆ. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಕ್ಷಣದಲ್ಲಿ ಎದುರಾಳಿ ಎಲ್ಲಿದ್ದಳು, ನೆಲ ಹೇಗಿತ್ತು, ಪಾದರಕ್ಷೆ ಹಿಡಿಯಿತೋ ಜಾರಿತೋ, ಹುಡುಗಿ ದಣಿದಿದ್ದಳೋ, ಇವೆಲ್ಲ ಸೇರಿ ಪೆಟ್ಟಾಗುತ್ತದೆ. ಶಾಂತವಾದ ಪ್ರಯೋಗಶಾಲೆಯಲ್ಲಿ ಪೆಟ್ಟಿಗೆಯ ಮೇಲಿಂದ ಇಳಿಯುವ ಹುಡುಗಿಗೆ ಇವೊಂದೂ ಇರುವುದಿಲ್ಲ.

ಆರಿಸುವುದೋ, ಎಲ್ಲರಿಗೂ ಕಲಿಸುವುದೋ?

ಜರಡಿ ಸೋತಿತು. ಆದರೆ ಅದನ್ನು ಹಿಡಿದು ಹೊರಟವರು ಬರಿಗೈಯಲ್ಲಿ ಮರಳಲಿಲ್ಲ. ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವುದನ್ನು ಹುಡುಗಿಯರಿಗೆ ಕಲಿಸಬಹುದೆಂಬುದೂ, ಕಲಿಸಿದರೆ ಪೆಟ್ಟು ನಿಜವಾಗಿಯೂ ಕಡಿಮೆಯಾಗುವುದೆಂಬುದೂ ಈ ನಡುವೆ ಸ್ಪಷ್ಟವಾಗುತ್ತ ಬಂದಿತ್ತು.

ಹೆವೆಟ್ ಅವರೇ 1999ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನವಿದೆ. ಪ್ರೌಢಶಾಲೆಯ 366 ಮಂದಿ ಹುಡುಗಿಯರಿಗೆ ಆಟದ ಋತುವಿಗೆ ಮೊದಲು ಆರು ವಾರಗಳ ನೆಗೆತದ ಶಿಕ್ಷಣ ಕೊಟ್ಟರು. 463 ಹುಡುಗಿಯರಿಗೂ 434 ಹುಡುಗರಿಗೂ ಕೊಡಲಿಲ್ಲ. ಶಿಕ್ಷಣವಿಲ್ಲದ ಹುಡುಗಿಯರಲ್ಲಿ ಮೊಣಕಾಲಿನ ಗಂಭೀರ ಗಾಯಗಳ ಪ್ರಮಾಣ, ಶಿಕ್ಷಣ ಪಡೆದವರಿಗಿಂತ 3.6 ಪಟ್ಟು ಹೆಚ್ಚಾಗಿತ್ತು. ಶಿಕ್ಷಣ ಪಡೆದವರಾದರೋ ಹುಡುಗರ ಸಮೀಪಕ್ಕೆ ಬಂದಿದ್ದರು.

ನಾರ್ವೆಯಲ್ಲಿ ಗ್ರೆಥೆ ಮಿಕ್ಲೆಬುಸ್ಟ್ ಮತ್ತು ಅವರ ಸಂಗಡಿಗರು ಹ್ಯಾಂಡ್‌ಬಾಲ್ ತಂಡಗಳಿಗೆ ಹದಿನೈದು ನಿಮಿಷಗಳ ವ್ಯಾಯಾಮವನ್ನು ಕಲಿಸಿದರು. ಕಲಿಸುವುದಕ್ಕೆ ಮುಂಚಿನ 1998–99ರ ಋತುವಿನಲ್ಲಿ ಅಡ್ಡರಜ್ಜಿನ ಪೆಟ್ಟುಗಳು 29, ಮರುವರ್ಷ 23, ಅದರ ಮರುವರ್ಷ 17. ಅಧ್ಯಯನ ಮುಗಿಯಿತು, ತಂಡಗಳು ಅಭ್ಯಾಸವನ್ನು ಬಿಟ್ಟುವು. ಪೆಟ್ಟುಗಳು ಮತ್ತೆ ಏರಿದುವು. ಮತ್ತೆ ಎಚ್ಚರಿಸಿ ಅಭ್ಯಾಸಕ್ಕೆ ಹಚ್ಚಿದ ಮೇಲೆ ಇಳಿದುವು. ಹಲ್ಲುಜ್ಜುವುದನ್ನು ಒಂದು ವರ್ಷ ಮಾಡಿ ಬಿಟ್ಟರೆ ಆಗುವ ಗತಿಯೇ ಇಲ್ಲಿಯೂ ಎಂಬುದನ್ನು ನಾರ್ವೆಯ ಅನುಭವ ಕಲಿಸಿತು.

ಎಲ್ಲಕ್ಕಿಂತ ಬಲವಾದ ಪುರಾವೆ ದೊರೆತದ್ದು ಸ್ವೀಡನ್ನಿನಲ್ಲಿ. 2009ರಲ್ಲಿ ಅಲ್ಲಿಯ 230 ಕಾಲ್ಚೆಂಡು ಸಂಘಗಳನ್ನು, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ, ಎರಡು ಪಂಗಡ ಮಾಡಲಾಯಿತು. ಆಡುತ್ತಿದ್ದವರು 12ರಿಂದ 17ರ ವಯಸ್ಸಿನ 4,564 ಬಾಲೆಯರು. ಒಂದು ಪಂಗಡ ವಾರಕ್ಕೆರಡು ಬಾರಿ ಹದಿನೈದು ನಿಮಿಷ ಗೊತ್ತಾದ ವ್ಯಾಯಾಮಗಳನ್ನು ಮಾಡಿತು. ಇನ್ನೊಂದು ಎಂದಿನಂತೆ ಅಭ್ಯಾಸ ನಡೆಸಿತು. ಋತು ಮುಗಿದಾಗ, ವ್ಯಾಯಾಮದ ಪಂಗಡದಲ್ಲಿ ಏಳು ಮಂದಿಯ ಅಡ್ಡರಜ್ಜು ಹರಿದಿತ್ತು. ಚಿಕ್ಕದಾಗಿದ್ದ ಇನ್ನೊಂದು ಪಂಗಡದಲ್ಲಿ ಹದಿನಾಲ್ಕು ಮಂದಿಯದು. ಆಡಿದ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ ಅಪಾಯ ನೂರಕ್ಕೆ 64ರಷ್ಟು ತಗ್ಗಿತ್ತು. ಆ ಹುಡುಗಿಯರಲ್ಲಿ ಅಪಾಯದವರು ಯಾರೆಂದು ಯಾರೂ ಆರಿಸಿರಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು.

ಆರಿಸಿ ಕಲಿಸುವುದು ಲೇಸೋ, ಎಲ್ಲರಿಗೂ ಕಲಿಸುವುದು ಲೇಸೋ ಎಂಬ ಪ್ರಶ್ನೆಯನ್ನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ತಜ್ಞರು ಗಣಿತದ ಮೂಲಕ ಬಿಡಿಸಿದರು. 2014ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ, ಏನನ್ನೂ ಮಾಡದಿದ್ದರೆ ಒಂದು ಋತುವಿನಲ್ಲಿ ಸಾವಿರ ತರುಣ ಆಟಗಾರರಲ್ಲಿ 30 ಮಂದಿಗೆ ಪೆಟ್ಟಾಗುವುದಾದರೆ, ಪರೀಕ್ಷಿಸಿ ಅಪಾಯದವರಿಗೆ ಮಾತ್ರ ಕಲಿಸಿದಾಗ 18 ಮಂದಿಗೆ ಆಗುತ್ತದೆ. ಎಲ್ಲರಿಗೂ ಕಲಿಸಿದಾಗ 11 ಮಂದಿಗೆ ಮಾತ್ರ. ಖರ್ಚಿನಲ್ಲಿಯೂ ಎಲ್ಲರಿಗೂ ಕಲಿಸುವುದೇ ಅಗ್ಗ. ಪರೀಕ್ಷೆಗೆ ಉಪಕರಣ ಬೇಕು, ನಿಪುಣರು ಬೇಕು. ವ್ಯಾಯಾಮಕ್ಕೆ ಬೇಕಾದದ್ದು ಬಯಲೊಂದು, ತಿಳಿದ ಶಿಕ್ಷಕರೊಬ್ಬರು, ಹದಿನೈದು ನಿಮಿಷ.

ಹದಿನೈದು ನಿಮಿಷದಲ್ಲಿ ಏನು ಮಾಡುತ್ತಾರೆ?

ಸ್ವೀಡನ್ನಿನ ವ್ಯಾಯಾಮಗಳಲ್ಲಿ ಗುಟ್ಟೇನೂ ಇಲ್ಲ. ಅವು ಆರು: ಒಂಟಿಕಾಲಿನಲ್ಲಿ ನಿಂತು ಮಂಡಿ ಬಾಗಿಸಿ ಏಳುವುದು, ಅಂಗಾತ ಮಲಗಿ ಸೊಂಟವನ್ನು ಮೇಲಕ್ಕೆತ್ತುವುದು, ಎರಡೂ ಕಾಲುಗಳ ಮೇಲೆ ಅರ್ಧ ಬೈಠಕ್, ಮೊಣಕೈಗಳ ಮೇಲೂ ಕಾಲ್ಬೆರಳುಗಳ ಮೇಲೂ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿದಿರುವುದು, ಒಂದು ಕಾಲನ್ನು ಮುಂದಿಟ್ಟು ಬಗ್ಗಿ ಏಳುವುದು, ಕೊನೆಗೆ ನೆಗೆದು ಇಳಿಯುವುದು. ಗರಡಿಯ ಬೈಠಕ್ಕು ಬಲ್ಲವರಿಗೆ ಇವು ತೀರ ಹೊಸತೆನಿಸಲಾರವು.

ಮುಖ್ಯವಾದದ್ದು ಎಷ್ಟು ಸಲ ಎಂಬುದಲ್ಲ, ಹೇಗೆ ಎಂಬುದು. ಬಾಗಿದಾಗ ಮಂಡಿ ಪಾದದ ನೇರಕ್ಕೇ ಇರಬೇಕು, ಒಳಕ್ಕೆ ಜಾರಬಾರದು. ಇಳಿಯುವಾಗ ಕಾಲನ್ನು ಕೋಲಿನಂತೆ ಸೆಟೆಸದೆ ಸೊಂಟವನ್ನೂ ಮಂಡಿಯನ್ನೂ ಬಾಗಿಸಬೇಕು. ಸದ್ದಾಗದಂತೆ ಇಳಿಯಬೇಕು. ಗೋಡೆಯಿಂದ ಧುಮುಕುವ ಬೆಕ್ಕಿನ ಹೆಜ್ಜೆಯ ಸಪ್ಪಳ ಯಾರಿಗಾದರೂ ಕೇಳಿಸಿದ್ದುಂಟೆ? ಗೆಳತಿಯರು ಇಬ್ಬಿಬ್ಬರಾಗಿ ನಿಂತು ಒಬ್ಬಳ ಮಂಡಿಯನ್ನು ಮತ್ತೊಬ್ಬಳು ನೋಡಿ ತಿದ್ದಬಹುದು. ಪ್ರಯೋಗಶಾಲೆಯ ಪರೀಕ್ಷೆ ಭವಿಷ್ಯ ನುಡಿಯಲು ಸೋತರೂ, ಇಲ್ಲಿ ಅದರ ಋಣ ಉಳಿದಿದೆ. ಏನನ್ನು ತಿದ್ದಬೇಕೆಂದು ತೋರಿಸಿಕೊಟ್ಟದ್ದು ಆ ಪೆಟ್ಟಿಗೆಯೇ.

ಈ ಅಭ್ಯಾಸವನ್ನು ಬೇಗನೆ ಆರಂಭಿಸಿದಷ್ಟೂ ಲಾಭ ಹೆಚ್ಚು. ಹದಿನೆಂಟು ದಾಟಿದವರಿಗಿಂತ ಅದಕ್ಕಿಂತ ಕಿರಿಯರಲ್ಲಿ ಫಲ ಬಹುವಾಗಿ ಕಂಡಿದೆ. ಬಿಡದೆ ಮಾಡಿದ ತಂಡಗಳಿಗೂ, ಮನಸ್ಸು ಬಂದಾಗ ಮಾಡಿದ ತಂಡಗಳಿಗೂ ಇದ್ದ ಅಂತರ ಸ್ವೀಡನ್ನಿನಲ್ಲಿ ಸ್ಪಷ್ಟವಾಗಿ ಗೋಚರಿಸಿತು.

ತಾಯ್ತಂದೆಯರ ಕಳವಳ

ಮಗಳ ಮೊಣಕಾಲಿನ ಮೇಲೆ ಇಷ್ಟೆಲ್ಲ ಅಪಾಯ ಕವಿದಿದೆಯೆಂದು ತಿಳಿದಾಗ, ‘ಆಟವೇ ಬೇಡ, ಮನೆಯಲ್ಲಿ ಕುಳಿತು ಓದಿಕೊಳ್ಳಲಿ’ ಎಂದುಬಿಡುವ ತಾಯ್ತಂದೆಯರು ಇರುವುದು ಅಸಂಭವವಲ್ಲ. ಜರಡಿ ಹಿಡಿಯುವುದರ ಒಂದು ದೊಡ್ಡ ಕೇಡು ಅಡಗಿರುವುದೂ ಇಲ್ಲಿಯೇ. ‘ನಿನ್ನ ಮಂಡಿ ಅಪಾಯದ್ದು’ ಎಂದು ಹದಿಮೂರರ ಹುಡುಗಿಗೆ ಹೇಳಿದರೆ ಅವಳು ಪ್ರತಿ ಹೆಜ್ಜೆಗೂ ಅಂಜುವಳು. ಮನೆಯವರು ಆಟವನ್ನೇ ಬಿಡಿಸಿಯಾರು. ಸಿನ್ಸಿನಾಟಿಯ ಲೆಕ್ಕದಂತೆ, ಹಾಗೆ ಅಂಜಿದ 60 ಮಂದಿಯಲ್ಲಿ 53 ಜನರ ಅಂಜಿಕೆಗೆ ಆಧಾರವೇ ಇರದು. ‘ನಿನಗೇನೂ ಭಯವಿಲ್ಲ’ ಎಂದು ಹೇಳಿಸಿಕೊಂಡವಳಾದರೋ ವ್ಯಾಯಾಮವನ್ನು ಕಡೆಗಣಿಸುವಳು. ಜರಡಿಯಿಂದ ಜಾರಿದ ಆ ಇಬ್ಬರಲ್ಲಿ ಅವಳೂ ಒಬ್ಬಳಾಗಿದ್ದರೆ? ಮೈಬಲ, ಮನೋಲ್ಲಾಸ, ಒಡನಾಟ, ಸೋತು ಗೆಲ್ಲುವ ಧೈರ್ಯ, ಆಟದಿಂದ ಹೆಣ್ಣುಮಕ್ಕಳಿಗೆ ಸಿಗುವ ಇವೆಲ್ಲವನ್ನೂ ತಪ್ಪಾದ ಒಂದು ಅಂಕದ ಕೈಗೆ ಒಪ್ಪಿಸುವುದು ಯಾವ ನ್ಯಾಯ?

ಹಾಗೆಂದು ಪರೀಕ್ಷೆ ಸಂಪೂರ್ಣ ನಿರರ್ಥಕವೆಂದಲ್ಲ. ಒಮ್ಮೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹುಡುಗಿಯ ವಿಷಯದಲ್ಲಿ ಅದು ಅತ್ಯವಶ್ಯ. ಅವಳ ಎರಡು ಕಾಲುಗಳ ಬಲ ಸಮನಾಗಿದೆಯೆ, ಒಂಟಿಕಾಲಿನ ನೆಗೆತದಲ್ಲಿ ತೊಡಕಿದೆಯೆ ಎಂಬುದನ್ನು ಅಳೆದು ನೋಡಿದ ಮೇಲೆಯೇ ಬಯಲಿಗೆ ಕಳುಹಬೇಕು. ಮುಂದಿನ ಪಂದ್ಯ ಹತ್ತಿರ ಬಂದಿತೆಂಬುದು ಅವಸರಕ್ಕೆ ಕಾರಣವಾಗಕೂಡದು. ಆಡುವಾಗ ‘ಟಪ್’ ಎಂದು, ಕೆಲವು ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ಎಣ್ಣೆ ತಿಕ್ಕಿ ನೀವಿಸುತ್ತ ಕೂರದೆ ಮೂಳೆತಜ್ಞರಿಗೆ ತೋರಿಸಬೇಕು. ನೋವು ಇಳಿಯಿತೆಂದು ಹರಿದ ರಜ್ಜಿನಲ್ಲೇ ಆಡಿದರೆ ಕೀಲಿನೊಳಗಿನ ಮೆತ್ತೆಗಳೂ ಸವೆದು ಹರಿಯುವ ಭಯವುಂಟು.

ವ್ಯಾಯಾಮ ಅಭೇದ್ಯ ಕವಚವಲ್ಲ. ಒಳ್ಳೆಯ ಶಿಕ್ಷಕರನ್ನೂ ವೈದ್ಯರನ್ನೂ ಪಡೆದ ಮರೀನ್ ಅವರಿಗೇ ಮೂರು ಬಾರಿ ಈ ಕಷ್ಟ ಬಂದಿತು. ಸ್ವೀಡನ್ನಿನಲ್ಲಿ ಶ್ರದ್ಧೆಯಿಂದ ವ್ಯಾಯಾಮ ಮಾಡಿದ ಪಂಗಡದಲ್ಲಿಯೂ ಏಳು ಹುಡುಗಿಯರು ಬಿದ್ದರು. ಆದರೆ ಬೀಳಬಹುದಾಗಿದ್ದ ಇನ್ನೂ ಎಷ್ಟೋ ಮಂದಿ ಬೀಳಲಿಲ್ಲ. ಅವರು ಯಾರೆಂದು ಯಾರಿಗೂ ತಿಳಿಯದು, ಅವರಿಗೂ ತಿಳಿಯದು. ಆಟ ಮುಗಿಸಿ, ಬೆವರೊರಸಿಕೊಂಡು, ನಗುನಗುತ್ತ ಮನೆಗೆ ಹೋದರು, ಅಷ್ಟೆ.

ಕರ್ನಾಟಕದ ಶಾಲೆಗಳ ಬಯಲುಗಳಲ್ಲಿ ಹೆಣ್ಣುಮಕ್ಕಳು ಆಡುವ ಖೋ-ಖೋ, ಕಬಡ್ಡಿ, ವಾಲಿಬಾಲ್ ಪಂದ್ಯಗಳೂ ಥಟ್ಟನೆ ನಿಲ್ಲುವ, ತಿರುಗುವ, ನೆಗೆಯುವ ಆಟಗಳೇ. ಖೋ-ಖೋ ಕಂಬದ ಬಳಿ ಸರ್ರನೆ ತಿರುಗುವ ಹುಡುಗಿಯ ಮಂಡಿಯೂ ಓಸ್ಲೋದ ಹುಡುಗಿಯ ಮಂಡಿಯೂ ಒಂದೇ ಬಗೆಯ ಹುರಿಗಳಿಂದ ಹೆಣೆದದ್ದು. ಕ್ಯಾಮರಾಗಳಿರುವ ಪ್ರಯೋಗಶಾಲೆ ಪ್ರತಿ ಊರಿಗೂ ಬರಲಾರದು, ಬರಬೇಕಾಗಿಯೂ ಇಲ್ಲ. ಆಟಕ್ಕೆ ಮುಂಚೆ ಬಯಲಿನ ಸುತ್ತ ಎರಡು ಸುತ್ತು ಓಡಿಸಿ ಕೈಬಿಡುವ ಬದಲು, ಆ ಹೊತ್ತಿನಲ್ಲಿ ಈ ಆರು ವ್ಯಾಯಾಮಗಳನ್ನು ಸೇರಿಸುವುದು ಯಾವ ಶಾಲೆಗೂ ಅಸಾಧ್ಯವಲ್ಲ. ‘ಆಟಕ್ಕೆ ಮೊದಲು ಮಕ್ಕಳಿಂದ ಏನು ಮಾಡಿಸುತ್ತೀರಿ?’ ಎಂದು ವ್ಯಾಯಾಮ ಶಿಕ್ಷಕರನ್ನು ಒಮ್ಮೆ ಕೇಳುವುದು ತಾಯ್ತಂದೆಯರಿಗೂ ಕಷ್ಟವಲ್ಲ.

ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿ, ಇಂದು ಯಾವ ಮಗು ನೆನೆದೀತೆಂದು ಕಣಿ ಕೇಳಲು ಹೋಗುವುದಿಲ್ಲ. ಎಲ್ಲರ ಕೈಗೂ ಒಂದೊಂದು ಕೊಡೆ ಕೊಟ್ಟು ಕಳುಹಿಸುತ್ತಾಳೆ. ಕ್ಯಾಮರಾ, ಗಣಿತ, ಪ್ರಯೋಗಶಾಲೆಗಳ ಸುದೀರ್ಘ ಪ್ರಯಾಣ ಮುಗಿಸಿ ವಿಜ್ಞಾನವೂ ಕಡೆಗೆ ಆ ತಾಯಿಯ ಹೊಸ್ತಿಲಿಗೇ ಬಂದು ನಿಂತಿದೆ.